ತಗಡಿನ ನಾಲ್ಕು

ಆ ಆಟವನ್ನು ನಾನು ನೋಡಲಿಲ್ಲ.
ನಮ್ಮೂರಲ್ಲಿ ಯಾರೂ ನೋಡಲಿಲ್ಲ.
ನಡೆದದ್ದು ಇಪ್ಪತ್ತೆರಡು ಮೈಲಿಯಾಚೆ, ಫೆಲ್ಟನ್ನಿನ ಮೈದಾನದಲ್ಲಿ.
ಆಲ್ಡರ್ ಗ್ಯಾಪಿನ ತಂತಿ ಕಚೇರಿಯೆದುರು ನೆರೆದು
ನಾವು ಕೇಳಿಸಿಕೊಂಡೆವು, ಸೆಪ್ಟೆಂಬರಿನ ಒಂದು ಶನಿವಾರ.
ನಾವು ಅಂದೆ. ಕೇಳಿಸುತ್ತಿದ್ದುದು ನನಗೊಬ್ಬಳಿಗೆ.

ಹಿತ್ತಾಳೆಯ ನಾಲಿಗೆ ಕಟ್ಟ ಕಟ ಕಟ್ಟ.
ಬರೆದ ಚೀಟಿಯನ್ನು ಕಿಟಕಿಯಾಚೆ ಚಾಚಿದರೆ
ಏಣಿಯ ಮೇಲೆ ಒಂದ್ರೇಯ್. ಹನ್ನೊಂದು ವರ್ಷ.
ಎರಡು ಬೆರಳನ್ನು ಕಲ್ಲಿದ್ದಲ ಜರಡಿಗೆ ಕೊಟ್ಟು
ಉಳಿದ ಎಂಟರಲ್ಲಿ ತಗಡಿನ ಅಂಕಿಗಳನ್ನು
ಹಲಗೆಯ ಮೊಳೆಗೆ ತಗುಲಿಸುತ್ತಿದ್ದ.
ಅಕ್ಷರ ಬಾರದು ಅವನಿಗೆ, ಅಂಕಿ ಗೊತ್ತು.
ಚೀಟಿ ಅವನಿಂದ ಕ್ಷೌರದ ಗೋರ್ಮನ್ನನ ಕೈಗೆ,
ಗೋರ್ಮನ್ನನ ಗಂಟಲಿಂದ ಬೀದಿಗೆ.

ಬೀದಿ ತುಂಬ ಟೊಪ್ಪಿಗೆ.
ವೇಲ್ಸಿನವರು ಚರ್ಚಿನ ಮಗ್ಗುಲಲ್ಲಿ, ಸ್ಲೊವಾಕರು ಚರಂಡಿಯ ಈಚೆ,
ಲಿಥುವೇನಿಯದವರು ಹೆಂಡದಂಗಡಿಯ ಮೆಟ್ಟಿಲ ಮೇಲೆ.
ಆರು ದಿನ ಒಬ್ಬರ ಮಾತು ಒಬ್ಬರಿಗೆ ತಿಳಿಯದು;
ಇವತ್ತು ಎಲ್ಲರ ಬಾಯಲ್ಲೂ ಒಂದೇ ಬೈಗುಳ: ಫೆಲ್ಟನ್.
ಹಿಂದಿನ ಮುಷ್ಕರದಲ್ಲಿ ನಮ್ಮ ದೀಪ ಹಿಡಿದು
ನಮ್ಮ ಗಣಿಗೆ ಇಳಿದವರು ಅವರು.
ಅಲ್ಲಿಯತನಕ ಅದು ಬರೀ ಆಟವಾಗಿತ್ತು.

ಕೊನೆಯ ಸರದಿ. ನಮಗೆ ಮೂರು, ಅವರಿಗೆ ಎರಡು.
ಎಸೆಯುತ್ತಿರುವವನು ಯೋನಾಸ್,
ಕೆನ್ನೆಯ ಗಾಯದಲ್ಲಿ ಕಲ್ಲಿದ್ದಲು ನೀಲಿಯಾಗಿ ಉಳಿದವನು.
ಇಬ್ಬರು ಔಟ್. ಇನ್ನಿಬ್ಬರು
ಎರಡನೆಯ ಬೇಸಿನಲ್ಲಿ, ಮೂರನೆಯದರಲ್ಲಿ,
ತುದಿಗಾಲಲ್ಲಿ.
ಒಂದು ಹೊಡೆತ ಸಾಕು, ಎರಡು ನಾಲ್ಕಾಗಲು.

ಆಗ ತಂತಿ ಸುಮ್ಮನಾಯಿತು.

ಹಲಗೆಯನ್ನೇ ನೋಡುತ್ತಿದ್ದ ಎಂಟುನೂರು ಜನ
ಉಗುಳು ನುಂಗುವುದು ನನಗೆ ಕೇಳಿಸಿತು.
ಯಾರದೋ ಮಗು ಅತ್ತಿತು, ಯಾರೋ ಅದರ ಬಾಯಿ ಮುಚ್ಚಿದರು.

ಕಟ್ಟ.
ಬೇರೆ ಕೈ. ಫೆಲ್ಟನ್ನಿನ ಹುಡುಗನದಲ್ಲ.
ಕಂಪನಿಯ ಸಂದೇಶಕ್ಕೆ ದಾರಿ ಬಿಡಿ, ಅಂದಿತು.
ಕೈ ತಾನೇ ಬರೆಯಿತು:
ಸೂಪರಿಂಟೆಂಡೆಂಟರಿಗೆ. 4ನೇ ಗಣಿ ಸೋಮವಾರದಿಂದ ಮುಚ್ಚಿದೆ.
ನೋಟೀಸು ಹಚ್ಚುವುದು.

ಮಸಿ ಆರಿರಲಿಲ್ಲ. ಒಂದ್ರೇಯ್ ಕಿಟಕಿಯಿಂದ ಬಾಗಿ
ತನಗೆ ಗೊತ್ತಿದ್ದ ಒಂದೇ ಗುರುತನ್ನು ಓದಿಕೊಂಡ.
ಮುಖ ಕಪ್ಪಿಟ್ಟಿತು. ಪೆಟ್ಟಿಗೆಯಿಂದ ನಾಲ್ಕನ್ನು ತೆಗೆದು
ಫೆಲ್ಟನ್ನಿನ ಸಾಲಿಗೆ ಎತ್ತಿದ.
ಬಿಸಿಲು ತಗಡಿಗೆ ಬಡಿದು ಬೀದಿಯ ಮೇಲೆ ಹಾಯಿತು.
ಅರ್ಧ ಕ್ಷಣ ಊರೆಲ್ಲ ಸೋತಿತ್ತು.

ಅವನ ತೋಳು ಹಿಡಿದು ಜಗ್ಗಿದೆ. ಏಣಿ ವಾಲಿತು.
ಅದಲ್ಲ, ಅಂದೆ. ಇದು ಅದಲ್ಲ.
ಮತ್ತೆ ಹಿತ್ತಾಳೆ, ಈ ಸಲ ಹುಡುಗನ ಅವಸರದ ಕೈ:
ಬೀಸಿದ. ತಪ್ಪಿದ. ಮೂರನೆಯ ಸ್ಟ್ರೈಕು. ಮುಗಿಯಿತು.

ಗೋರ್ಮನ್ ಓದಿ ಮುಗಿಸಲಿಲ್ಲ.
ವೇಲ್ಸಿನ ಡೀಕನ್ ಲಿಥುವೇನಿಯದ ಕಟುಕನನ್ನು
ಹಿಟ್ಟಿನ ಮೂಟೆಯಂತೆ ಎತ್ತಿಬಿಟ್ಟ.
ಕುದುರೆಗಾಡಿಯ ಮೇಲೆ ನಿಂತು
ಸೂಪರಿಂಟೆಂಡೆಂಟ್ ಹ್ಯಾವರ್‌ಸ್ಟಿಕ್ಕನೂ ಹುಲ್ಲಿನ ಹ್ಯಾಟು ಹಾರಿಸಿದ;
ಅವನ ಕಾಗದ ನನ್ನ ರವಿಕೆಯೊಳಗೆ ಬೆವರು ಹೀರುತ್ತಿತ್ತು.

ಹತ್ತು ನಿಮಿಷದಲ್ಲಿ ತಲುಪಿಸಬೇಕು, ಇದು ನಿಯಮ.
ಮರುದಿನ ಪ್ರಾರ್ಥನೆ ಬಿಟ್ಟ ಮೇಲೆ ತಲುಪಿಸಿದೆ.
ಹೊತ್ತಿನ ಜಾಗದಲ್ಲಿ ಸುಳ್ಳು ಬರೆದೆ,
ದುಂಡಗಿನ ಅಕ್ಷರದಲ್ಲಿ.
ಒಳ್ಳೆಯದು ಮಾಡಿದೆನೋ? ಆ ರಾತ್ರಿ
ಊರು ಸಾಲದಲ್ಲಿ ಕುಡಿಯಿತು. ಆ ಸಾಲ ನನ್ನ ಲೆಕ್ಕಕ್ಕೂ ಸೇರಬೇಕು.

ಎಂಟೂವರೆಯ ರೈಲಿಗೆ ಯೋನಾಸ್ ಬಂದ.
ಹಣೆಯ ದೀಪಗಳನ್ನು ಹೊತ್ತಿಸಿಕೊಂಡು
ಅವನನ್ನು ಹೆಗಲ ಮೇಲೆ ಕೂರಿಸಿಕೊಂಡವರು
ನಾಲ್ಕನೆಯ ಗಣಿಯ ಅವನ ಪಾಳಿಯವರೇ.

ಬೀದಿ ಖಾಲಿಯಾಯಿತು. ಅಂಕಿಗಳನ್ನು ಬಿಚ್ಚಿ,
ಒರೆಸಿ, ಪೆಟ್ಟಿಗೆಗೆ ಜೋಡಿಸಿ, ಒಂದನ್ನು ಮಾತ್ರ
ಕೈಯಲ್ಲೇ ಉಳಿಸಿಕೊಂಡು ಕಿಟಕಿಗೆ ಬಂದ ಒಂದ್ರೇಯ್:

‘ಇದು ಯಾರ ಸಾಲಿಗೆ, ಮಿಸ್ ಪ್ರಾಸರ್?’