ಕೈಗಡ

ಮೂವತ್ತೊಂದು ವರ್ಷ ಮಂದಿ ಮನಿ ಗೋಡಿಗೆ ಮುಖ ಹಚ್ಚಿ
ಅಂಕಿ ಓದಿದಾಂವ ನಾನು.
ಮೈಂದರ್ಗಿಯೊಳಗ ಯಾವ ನಾಯಿ ಕಚ್ಚತದ, ಯಾವುದು ಬರೇ ಬೊಗಳತದ,
ಯಾರ ಮೀಟರಿನ ಮ್ಯಾಲ ಗುಬ್ಬಿ ಗೂಡು ಕಟ್ಟ್ಯಾದ,
ಎಲ್ಲಾ ಬಾಯಿಪಾಠ.
ಮನಿ ಮಾತು ಕನ್ನಡ, ಬಿಲ್ಲು ಮರಾಠಿ,
ನಡುವ ನಿಂತು ತಿಳಿಸಿ ಹೇಳಾಂವ ನಾನು:
"ಥಕಬಾಕಿ ಅಂದ್ರ ಬಾಕಿ, ಅಕ್ಕಾ.
ಬಾಕಿ ಅನ್ನೂದು ಎರಡೂ ಭಾಷಾದಾಗ ಒಂದ."

ಈಗ ನಮ್ಮ ಓಣಿಯ ಹನ್ನೊಂದು ಮನಿಗೆ ಒಂದ ಮಾಳಿಗಿ:
ಖುರ್ಷಿದಬಿಯ ಗಿರಣಿ.
ಅದರ ಮ್ಯಾಲ ತೆಂಕಣಕ್ಕ ಮುಖ ಮಾಡಿ ಇಪ್ಪತ್ತೆರಡು ಸೋಲಾರ್ ಹಲಗಿ.
ಹುಡುಗರು ಅವಕ್ಕ ಹಪ್ಪಳ ಅಂತಾವ.
ಬ್ಯಾಂಕಿನಾಂವ ಕೇಳಿದ್ದ: ಮಾಳಿಗಿ ಯಾರ ಹೆಸರಿಲೆ?
ಬಿಸಿಲು ಯಾರ ಹೆಸರಿಲೆ ಅಂತ ಕೇಳಲಿಲ್ಲ, ಪುಣ್ಯಾ.
ಕಡೀಕ ರೊಟ್ಟಿ ಬಡಿಯೋ ಹೆಂಗಸರು ಭಿಶಿ ಎತ್ತಿ ತಂದರು.

ಗಿರಣಿ ಹಿಂದ, ಹಳೇ ಹಗೇವು ಮುಚ್ಚಿದ ಜಾಗಾದಾಗ
ಬ್ಯಾಟರಿ ಪೆಟ್ಟಿಗಿ.
ಮೊದಲೂ ಅಲ್ಲಿ ಬಿಸಿಲ ಇಡತಿದ್ವಿ,
ಜ್ವಾಳದ ಕಾಳಿನೊಳಗ ಕಟ್ಟಿ.
ಈಗ ಕಾಳಿಲ್ಲದ ಇಡತೀವಿ, ಅಷ್ಟ.

ವಹಿ ಬರಿಯೋ ಕೆಲಸ ನನಗ ಬಂತು. ಮತ್ಯಾರಿಗೆ?
"ಮಹಾನಂದಾ, ಹೊಲಿಗಿ ಮಷೀನು, ಅರ್ಧ ಯುನಿಟ್, ಕೈಗಡ."
"ಧೂಳಪ್ಪ, ಮಗಳ ಪರೀಕ್ಷಾ, ರಾತ್ರಿ ದೀಪ"
ಇದನ್ನ ಬರೀಬ್ಯಾಡ ಅಂದ್ರು ಎಲ್ಲಾರೂ. ಹೊಡೆದು ಹಾಕಿದೆ.
ಹಿಟ್ಟಿನ ಪದ್ಧತಿನ ಇದಕ್ಕೂ:
ಬಟ್ಟಲ ಸಪಾಟ ಒಯ್ದರ ತಲಿ ತುಂಬಿ ತಿರುಗಿ ಕೊಡಬೇಕು.

ಹನ್ನೆರಡನೇ ಮನಿ ಮಶಾಕನದು. ಅಂವ ಸೇರಲಿಲ್ಲ.
"ನೀ ಹಿಡಿದ ವಹಿಯೊಳಗ ನನ್ನ ಹೆಸರ ಬ್ಯಾಡ" ಅಂದಿದ್ದ.
ಖರೇ ಅದ. ತೊಂಬತ್ತೆಂಟರಾಗ
ನಲವತ್ತಮೂರು ರೂಪಾಯಿ ಥಕಬಾಕಿಗೆ ಅವನ ತಂತಿ ಬಿಚ್ಚಿದ ಇಕ್ಕಳ
ಈಗೂ ನಮ್ಮ ಗೂಟಕ್ಕ ತೂಗತದ.
ಅವತ್ತ ಅವನ ತಂಗಿನ್ನ ನೋಡಾಕ ಬಂದಿದ್ರು.
ಕಂದೀಲ ಹಚ್ಚಿ ಚಾ ಕೊಟ್ಟರಂತ.

ಈ ಶ್ರಾವಣದಾಗ ಆರು ದಿನ ಸೂರ್ಯ ಮಾರಿ ತೋರಿಸಲಿಲ್ಲ.
ಐದನೇ ದಿನ ಊರಿನ ಡಿಪಿ ಸುಟ್ಟಿತು.
ನಮ್ಮ ಪೆಟ್ಟಿಗಿಯೊಳಗ ನೂರಕ್ಕ ಹದಿನೇಳು.
ಗಿರಣಿ ನಿಂತಿತು, ಪಂಖಾ ನಿಂತವು,
ಒಂದೊಂದು ಮನಿಗೆ ಒಂದೊಂದು ದೀಪ.
ಮಹಾನಂದಾ ಬಂದು ಸಣ್ಣ ದನಿಲೆ ಅಂದಳು:
"ಮಶಾಕನ ಕಾವು ಪೆಟ್ಟಿಗಿಯೊಳಗ ಇನ್ನೂರ ತತ್ತಿ ಅವ.
ಇವತ್ತ ಹತ್ತೊಂಬತ್ತನೇ ದಿನ.
ಗಂಡ ಹೆಂಡತಿ ಕೌದಿ ಹೊಚ್ಚಿ
ಬಿಸಿನೀರ ಬಾಟಲಿ ಬದಲಿಸಕೋತ ಕುಂತಾರ."

ಯಾರೂ ಸಭಾ ಕರೀಲಿಲ್ಲ.
ಖುರ್ಷಿದಬಿ ತನ್ನ ಮನಿ ಗುಂಡಿ ಒತ್ತಿದಳು, ಕತ್ತಲ.
ಆಮ್ಯಾಲ ಧೂಳಪ್ಪನ ಕಿಡಕಿ. ಆಮ್ಯಾಲ ಉಳಿದವು.
ನಾ ಗೂಟದ ಇಕ್ಕಳ ತಗೊಂಡೆ.

ಬಿಚ್ಚಿದ ಕೈಲೆ ಜೋಡಿಸೂದು ಸಣ್ಣ ಕೆಲಸಲ್ಲ.
ಎರಡು ಸಲ ಜಾರಿ ಬಿತ್ತು.
ಮಶಾಕ ಮೊಬೈಲಿನ ಬೆಳಕು ಹಿಡಿದು ನಿಂತಿದ್ದ, ಮಾತಿಲ್ಲ.
ಬೆಳಕು ಮಾತ್ರ ನನ್ನ ಬೆರಳು ಬಿಟ್ಟು
ಅತ್ತಿತ್ತ ಸರೀಲಿಲ್ಲ.

ಎರಡು ದಿನಕ್ಕ ತತ್ತಿ ಒಡೆದವು. ಎಲ್ಲಾ ಅಲ್ಲ,
ನೂರಾ ಮೂವತ್ತೊಂದು.
ಮುಂಜಾನೆ ಅಂವ ನಮ್ಮ ಕಟ್ಟಿ ಮ್ಯಾಲ ಬಂದು ಕುಂತ.
"ಎಷ್ಟಾತು, ಬರಿ."
"ಮೂರೂವರಿ ಯುನಿಟ್."
"ನಲವತ್ತಮೂರು ರೂಪಾಯಿ ಮುರಕೊಂಡೋ, ಸೇರಿಸಿಯೋ?"
ನಾ ನಗಬೇಕೋ ಬ್ಯಾಡೋ ತಿಳೀದ ಪೆನ್ನಿನ ಟೊಪ್ಪಿಗಿ ತಗದೆ.

ಮೂವತ್ತೊಂದು ವರ್ಷ ಅವನ ಹೆಸರು ಮರಾಠಿಯೊಳಗ ಓದಿದ್ದೆ.
ಕನ್ನಡದಾಗ ಬರಿಯೂದು ಇದ ಮೊದಲ.
"'ಶಾ' ದೀರ್ಘ ಹೌದಲ್ಲೋ?" ಅಂತ ಅವನನ್ನ ಕೇಳಿದೆ.
ಅಂವ ವಹಿ ಕಡೆ ಬಾಗಿ, ಒಂದೊಂದ ಅಕ್ಷರಾ ಬೆರಳಿಟ್ಟು ನೋಡಿ
"ಹೂಂ" ಅಂದ.

ಗಿರಣಿ ಮ್ಯಾಲ, ಹೆಬ್ಬೆರಳಷ್ಟು ಹರಿದ ಮೋಡದ ಕೆಳಗ,
ಹಪ್ಪಳ ಕಾಯಾಕ ಹತ್ತಿದ್ದವು.