ನಲವತ್ತೆಂಟು ಅಕ್ಷರ

ಕೊಯಿಂಬ್ರಾದಲ್ಲಿ ಐದು ವರ್ಷ ನಾನು ಓದಿದ್ದು
ಒಬ್ಬ ಸನ್ಯಾಸಿನಿಯ ಕೈಬರಹ.
ತನ್ನ ಹೆಸರು ಬರೆದಿಡಲಿಲ್ಲ ಪುಣ್ಯಾತ್ಗಿತ್ತಿ.
ಕರುವಿನ ಚರ್ಮ ತುಟ್ಟಿ, ಮಠ ಬಡದು.
ಅವಳಂಥವರೆಲ್ಲ ಪದದೊಳಗಿನ ನಕಾರವನ್ನು ಎತ್ತಿ
ಪಕ್ಕದ ಸ್ವರದ ನೆತ್ತಿಯ ಮೇಲೆ
ಪುಟ್ಟದೊಂದು ಅಲೆ ಮಾಡಿ ಕೂರಿಸಿದರು.
ಒಂದಕ್ಷರದ ಜಾಗ ಉಳಿಯಿತು.
ಅಲೆ ಇವತ್ತಿಗೂ ಇದೆ ನಮ್ಮ ಭಾಷೆಯಲ್ಲಿ:
ಕೈ ಎಂಬ ಮಾತಿನ ಮೇಲೆ, ರೊಟ್ಟಿ ಎಂಬ ಮಾತಿನ ಮೇಲೆ,
ಇಲ್ಲ ಎಂಬುದರ ಮೇಲೂ.

ಅಮ್ಮ ಮತೊಸಿನ್ಯೋಸಿನ ಡಬ್ಬಿ ಕಾರ್ಖಾನೆಯಲ್ಲಿ
ಬೂತಾಯಿ ಮೀನಿನ ತಲೆ ಕೊಯ್ಯುತ್ತಾಳೆ,
ಮೂವತ್ತೊಂದು ವರ್ಷದಿಂದ, ನಿಂತೇ.
ಪದವಿಯ ಕಾಗದವನ್ನು ಒದ್ದೆ ಕೈಯಲ್ಲಿ ಮುಟ್ಟದೆ
ಮೊಣಕೈಯಿಂದ ಮೇಜಿನ ಮೇಲೆ ತಿರುಗಿಸಿ ನೋಡಿದಳು.
"ಚೆಂದ ಇದೆ. ಇದನ್ನ ಯಾರು ಕೊಳ್ಳುತ್ತಾರೆ?"

ಯಾರೂ ಕೊಳ್ಳಲಿಲ್ಲ, ಹದಿನಾಲ್ಕು ತಿಂಗಳು.
ಹೋಟೆಲಿನ ಹಾಸಿಗೆಗಳನ್ನು ಮೋಡಕ್ಕೆ ಹೋಲಿಸಿ ಬರೆದೆ,
ನಾಯಿ ಬಿಸ್ಕತ್ತಿನ ಮೇಲೆ ಬರೆದೆ, ಪದಕ್ಕೆ ಎರಡು ಸೆಂಟು.
ತುಲಾ ರಾಶಿಯವರಿಗೆ ಒಂದಿಡೀ ಚಳಿಗಾಲ
ಹಣಕಾಸಿನ ಚಿಂತೆ ಬೇಡ ಎಂದು ಬರೆದೆ.
ನನ್ನದೂ ತುಲಾ ರಾಶಿ.

ಆಮೇಲೆ ಈ ಕೆಲಸ. ನದಿಯಾಚೆ ಗಾಯಾದಲ್ಲಿ
ದ್ರಾಕ್ಷಾರಸದ ಹಳೆಯ ಉಗ್ರಾಣ, ಗೋಡೆಗೆ ಇನ್ನೂ ಹುಳಿ ವಾಸನೆ.
ಸುದ್ದಿಯ ಆ್ಯಪು; ಜನರ ಜೇಬಿನಲ್ಲಿ ಗುಂಯ್ ಎನ್ನುವ ಸಾಲು ನನ್ನದು.
ನಲವತ್ತೆಂಟು ಅಕ್ಷರ, ಖಾಲಿ ಜಾಗವೂ ಲೆಕ್ಕಕ್ಕೆ.
ಮೊದಲ ದಿನ ವಾಲ್ದೆಮಾರ್ ಕೇಳಿದ:
"ಗ್ರಾಫ್ ಓದಲು ಬರುತ್ತಾ?"
ತೂತುಬಿದ್ದ ಹಾಳೆ ಓದಲು ಬರುತ್ತದೆ ಎಂದೆ.
ನಗಲಿಲ್ಲ. ಬರೆದುಕೊಂಡ.

ಮೊದಲ ಸಂಬಳದಲ್ಲಿ ಅಮ್ಮನಿಗೆ ದಪ್ಪ ಅಟ್ಟೆಯ ಬೂಟು.
"ಏನು ಕೆಲಸ, ಸರಿಯಾಗಿ ಹೇಳು."
"ಚಿಕ್ಕದಾಗಿ ಬರೆಯುವುದು."
"ದೊಡ್ಡದಾಗಿ ಬರೆದರೆ ಜಾಸ್ತಿ ಕೊಡುತ್ತಾರಾ?"

ರೈಲು ಮುಷ್ಕರ, ಪೆನಾಲ್ಟಿ ಗೋಲು, ನಾಳೆ ಮಳೆ.
ಹೀಗೇ ನಡೆದಿತ್ತು.

ಅಕ್ಟೋಬರಿನ ಒಂದು ಬೆಳಗು, ಐದೂ ಹತ್ತು.
ಲೇಸಾದ ಹೂವು ಎಂಬ ದೋಣಿ ಮಗುಚಿತ್ತು.
ವಾಲ್ದೆಮಾರ್ ಕಳಿಸಿದ ಸಾಲಿನಲ್ಲಿ ಕರುಳಿತ್ತು, ಕಣ್ಣೀರಿತ್ತು,
ಬಾಲಕ್ಕೆ 'ವಿಡಿಯೊ ನೋಡಿ' ಇತ್ತು.
ದೋಣಿಯ ಹೆಸರಿರಲಿಲ್ಲ. ಜಾಗ ಸಾಲದು ಎಂದ.

ಜಾಗ ಸಾಲದು.
ನಾನು ಕಲಿತ ಕಸುಬೆಂದರೆ ಅದೊಂದೇ.
ಕಣ್ಣೀರು ತೆಗೆದೆ. ಕರುಳು ತೆಗೆದೆ.
ಬಾಲ ಕೊಯ್ದೆ.
ಕೈ ಆಡುತ್ತಿದ್ದ ರೀತಿ ಎಲ್ಲೋ ನೋಡಿದ್ದೇನೆ ಅನ್ನಿಸಿತು.
ಉಳಿದದ್ದು ಇಷ್ಟು:

ಬೆಳಗಿನ ಜಾವ ಲೇಸಾದ ಹೂವು ಮುಳುಗಿಹೋಯಿತು. ಮೂವರು ದಡಕ್ಕೆ ಬಂದಿದ್ದಾರೆ. ಇಬ್ಬರು ಇನ್ನೂ ಇಲ್ಲ.

ನಲವತ್ತೇಳು. ಒಂದು ಮಿಕ್ಕಿತು.
ಇಲ್ಲ ಎಂಬುದರ ನೆತ್ತಿಗೆ ಅಲೆ; ನಾನು ಇಟ್ಟದ್ದಲ್ಲ,
ಆರುನೂರು ವರ್ಷದಿಂದ ಅಲ್ಲೇ ಇತ್ತು.
'ಇನ್ನೂ' ದಂಡ, ತೆಗೆ ಎಂದ ವಾಲ್ದೆಮಾರ್.
ತೆಗೆಯಲಿಲ್ಲ. ಒತ್ತಿದೆ.

ಗ್ರಾಫಿನ ಪ್ರಕಾರ ಹನ್ನೊಂದು ಸಾವಿರ ಜನ ತೆರೆದರು,
ಸರಾಸರಿ ನಾಲ್ಕು ಸೆಕೆಂಡು ನಿಂತರು.
ಕಡಿಮೆಯಾಯಿತು ಎಂದ.
ಆ ಸನ್ಯಾಸಿನಿಯನ್ನು ಇಷ್ಟು ಶತಮಾನದಲ್ಲಿ ಓದಿದವರು
ನಾನು, ನಮ್ಮ ಮೇಡಂ, ಮತ್ತೊಂದು ನುಸಿ.

ಹತ್ತೂವರೆಗೆ ಅಮ್ಮನ ಫೋನು, ಕಾಫಿಯ ಬಿಡುವಿನಲ್ಲಿ.
"ಹೂವಿನಲ್ಲಿ ನಮ್ಮ ಡಿಯೊಲಿಂದಾಳ ತಮ್ಮ ಇದ್ದ.
ಹೆಸರು ಕಂಡದ್ದೇ ಕತ್ತಿ ಕೆಳಗಿಟ್ಟು ಓಡಿದಳು.
ಬೇರೆ ಕಡೆಯೆಲ್ಲ ಬರೀ ದೋಣಿ, ದೋಣಿ ಅಂತಿತ್ತು."
ಹಿಂದೆ ಡಬ್ಬಿಗಳು ಒಂದಕ್ಕೊಂದು ತಾಗುವ ಸದ್ದು.
"ಬಂದ ಮೂವರಲ್ಲಿ ಅವನಿದ್ದಾನಾ?"
ಗೊತ್ತಿಲ್ಲ ಎಂದಳು.
ಸ್ವಲ್ಪ ಹೊತ್ತು ಬಿಟ್ಟು,
"ಆ 'ಇನ್ನೂ' ಹಾಕಿದ್ದು ನೀನಾ?"
ಹೌದು ಎಂದೆ.
ಹ್ಞೂಂ ಎಂದಳು. ಫೋನಿಡುವ ಮೊದಲು
ರಬ್ಬರು ಗವಸು ಕೈಗೇರುವುದು ಕೇಳಿಸಿತು.