ರೆ

ರಸ್ತೆ ಗುತ್ತಿಗೆದಾರನ ರೋಲರು
ಹನ್ನೊಂದು ದಿನ ಗಡಗಡಿಸಿತು ಬೇಲಿಯಾಚೆ.
ಈಚೆ, ನಾಜಿಬ್ರೋಲಾಳ ನೆಲಮಾಳಿಗೆಯಲ್ಲಿ
ಕತ್ತಿನವರೆಗೆ ಹೂತಿದ್ದ ಒಂಬತ್ತು ಗುಡಾಣಗಳಲ್ಲಿ
ಆರು ಸೀಳಿದವು, ಸದ್ದಿಲ್ಲದೆ.
ದ್ರಾಕ್ಷಾರಸವನ್ನು ಕಖೇತಿಯ ಮಣ್ಣೇ ಕುಡಿಯಿತು.

ನಾನು ಟಿಬಿಲಿಸಿಯವನು, ಕೋರ್ಟು ನೇಮಿಸಿದ ಲೆಕ್ಕಿಗ.
ನನ್ನ ಕಸುಬು ನಿಂತಿರುವುದು ಒಂದೇ ಅಕ್ಷರದ ಮೇಲೆ:
ರೋಲರು ಬಾರದೇ ಇದ್ದಿದ್ದರೆ.
ಆ 'ರೆ'ಯೊಳಗೆ ಐದು ಸುಗ್ಗಿ ಮಾಡುತ್ತೇನೆ,
ಬಾಟಲಿ ತುಂಬಿ ಮಾರುತ್ತೇನೆ,
ಕೊಳ್ಳದೆ ಉಳಿದ ಬಿರಡೆಗಳ ಖರ್ಚನ್ನೂ ಕಳೆದು
ಬಡ್ಡಿಯನ್ನು ಹಿಮ್ಮುಖ ಓಡಿಸಿ
ನಾಳೆಯನ್ನು ಸವೆಸಿ ಸವೆಸಿ ಇಂದಿಗೆ ತರುತ್ತೇನೆ.
ಹೆಸರಿಗೂ ಬೆಲೆಯುಂಟು:
ವಾರ್ಸಾದ ಇಬ್ಬರು ಗಿರಾಕಿಗಳು ಕೈಬಿಟ್ಟ ಪತ್ರ, ಅನುಬಂಧ ಮೂರು.

'ಅತ್ತೆಗೆ ಮೀಸೆ ಬಂದಿದ್ದರೆ!' ಎಂದು ನಕ್ಕ ಎದುರು ವಕೀಲ.

ಅವಳು ಕೇಳಿದ್ದು ಬೇರೆ.
ಸೀಳಿದ್ದರಲ್ಲಿ ಒಂದು,
ಮಗ ಓತಿಯಾ ಹುಟ್ಟಿದ ವರ್ಷ ತುಂಬಿ ಮುಚ್ಚಿದ್ದು,
ಅವನ ಮದುವೆಯ ದಿನ ತೆರೆಯಬೇಕಿದ್ದದ್ದು.
ಮಾರಾಟಕ್ಕಲ್ಲ.
'ಅದಕ್ಕೆಷ್ಟು ಬರೆದಿರಿ?'

ಮಾರುಕಟ್ಟೆಯಿಲ್ಲದ್ದಕ್ಕೆ ನಮ್ಮಲ್ಲಿ ಸೊನ್ನೆ.
ಬರೆದದ್ದನ್ನು ತೋರಿಸಿದೆ.
ದುಂಡಗೆ, ಗುಡಾಣದ ಬಾಯಿಯ ಹಾಗೇ ಇತ್ತು.

ಅವಳು ಬಗ್ಗಿ, ಉಳಿದ ಮೂರರಲ್ಲೊಂದರಿಂದ
ಸೋರೆಬುರುಡೆಯಲ್ಲಿ ಮೊಗೆದು ಕೊಟ್ಟಳು. ಒಗರು, ಜೇನಿನ ಬಣ್ಣ.
ದಾಸ್ತಾನಿನಲ್ಲಿ ಒಂದು ಲೋಟ ಕಡಿಮೆ.
ನಾನಿನ್ನೂ ತಿದ್ದಿಲ್ಲ.